ಬೇಲಿ ಎದ್ದು ಹೊಲ ಮೇಯುವ ಮೊದಲು ಏನಾಗಿರುತ್ತದೆ?

ಸಂಧಿವಾತ (ರುಮಟಾಯ್ಡ್ ಆರ್ಥ್ರೈಟಿಸ್) ಯಾಕೆ ಬರುತ್ತದೆ ಎಂದು ಕೇಳಿದರೆ ನಮ್ಮ ಕಡೆಯ ಡಾಕ್ಟರುಗಳು ಒಂದೇ ಗಾದೆಯಲ್ಲಿ ಮುಗಿಸುತ್ತಾರೆ: ಬೇಲಿಯೇ ಎದ್ದು ಹೊಲ ಮೇಯ್ದಂತೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬಿದ್ದಿದೆ ಎಂದರ್ಥ. ಬಾಗಿಲಾಚೆ ಇನ್ನೂ ಐವತ್ತು ಜನ ಚೀಟಿ ಹಿಡಿದು ಕೂತಿರುವ ಓಪಿಡಿಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟವೇ. ತಪ್ಪೇನಲ್ಲ, ಆದರೆ ಅರ್ಧ ಸತ್ಯ. ಬಿಟ್ಟುಹೋದ ಇನ್ನರ್ಧದ ಬೆಲೆಯನ್ನು ತೆರುತ್ತಿರುವವರು ರೋಗಿಗಳು.

ಹೇಗೆಂದರೆ, ಗಾದೆ ಕೇಳಿಕೊಂಡು ಮನೆಗೆ ಬಂದವರ ತಲೆಯಲ್ಲಿ ಉಳಿಯುವುದು ‘ನನ್ನ ರೋಗನಿರೋಧಕ ಶಕ್ತಿ ಕೆಟ್ಟಿದೆ’ ಎಂಬ ಮಾತು. ಕೆಟ್ಟಿದ್ದರೆ ಸರಿಮಾಡಬೇಕಲ್ಲ? ಕೋವಿಡ್ ಬಂದುಹೋದ ಮೇಲೆ ‘ಇಮ್ಯೂನಿಟಿ ಹೆಚ್ಚಿಸುತ್ತದೆ’ ಎಂದು ಡಬ್ಬಿಯ ಮೇಲೆ ಬರೆದುಕೊಂಡ ಪುಡಿ, ಲೇಹ್ಯ, ಕಷಾಯಗಳಿಗೆ ಬರವಿಲ್ಲ. ಡಾಕ್ಟರು ಬರೆದ ಮೆಥೋಟ್ರೆಕ್ಸೇಟ್ ‘ಶಕ್ತಿ ಕುಂದಿಸುವ’ ಗುಳಿಗೆ ಎಂದು ಕಪಾಟು ಸೇರುತ್ತದೆ, ಡಬ್ಬಿ ಅಡುಗೆಮನೆಗೆ ಬರುತ್ತದೆ. ನೋವು ತಡೆಯಲಾಗದ ದಿನ ಮೆಡಿಕಲ್ ಶಾಪಿನ ಮುಂದೆ ನಿಂತು, ‘ಬೆರಳು ಬಾತ್ಕಂಡು ಮಡಚಾಕ ಬರ್ತಿಲ್ಲ ಕಣಣ್ಣ, ಹೋದ ಸಲ ಕೊಟ್ಟಿದ್ಯಲ್ಲ, ಅದೇ ಗುಳಿಗೆ ಕೊಡು’ ಎಂದರೆ ಆಯಿತು. ಅಂಗಡಿಯವನು ನೋವಿನ ಗುಳಿಗೆಯ ಜೊತೆ ಒಂದು ಪುಟ್ಟ ಬಿಳಿ ಗುಳಿಗೆಯನ್ನೂ ಕತ್ತರಿಸಿ ಕೊಡುತ್ತಾನೆ. ಅದು ಬಹುಪಾಲು ಸ್ಟಿರಾಯ್ಡ್. ಮರುದಿನ ಬೆರಳು ಮಡಚುತ್ತದೆ, ಅಂಗಡಿಯವನ ಕೈಗುಣದ ಬಗ್ಗೆ ಓಣಿಯಲ್ಲಿ ಮಾತಾಗುತ್ತದೆ. ಕೀಲಿನ ಒಳಗೆ ನಡೆಯುವುದು ಮಾತ್ರ ನಡೆಯುತ್ತಲೇ ಇರುತ್ತದೆ.

ಏನು ನಡೆಯುತ್ತದೆ ಎನ್ನುವ ಮೊದಲು ಗಾದೆ ಎಲ್ಲಿ ಸೋಲುತ್ತದೆ ಎಂದು ನೋಡಬೇಕು. ಸಂಧಿವಾತದ ರೋಗಿಗಳಲ್ಲಿ ಹೆಚ್ಚಿನವರ ರಕ್ತದಲ್ಲಿ ತಮ್ಮದೇ ಪ್ರೋಟೀನುಗಳ ವಿರುದ್ಧ ತಯಾರಾದ ಪ್ರತಿಕಾಯಗಳು (ಆಂಟಿಬಾಡಿಗಳು) ಸಿಗುತ್ತವೆ. ಲ್ಯಾಬಿನ ರಿಪೋರ್ಟಿನಲ್ಲಿ ‘ಆರ್‌ಎ ಫ್ಯಾಕ್ಟರ್’, ‘ಆಂಟಿ ಸಿಸಿಪಿ’ ಎಂದು ಬರುವುದು ಇವೇ. ಯುರೋಪಿನ ರಕ್ತದಾನ ಕೇಂದ್ರಗಳಲ್ಲಿ ಹಿಂದೆಂದೋ ಕೊಟ್ಟು ಶೈತ್ಯದಲ್ಲಿಟ್ಟಿದ್ದ ರಕ್ತವನ್ನು ತೆಗೆದು ಪರೀಕ್ಷಿಸಿದಾಗ, ಮುಂದೆ ಸಂಧಿವಾತಕ್ಕೆ ಸಿಕ್ಕಿದ ಅನೇಕರಲ್ಲಿ ರೋಗ ಕಾಣಿಸುವುದಕ್ಕೆ ವರ್ಷಗಟ್ಟಲೆ ಮೊದಲೇ, ಕೆಲವರಲ್ಲಿ 10 ವರ್ಷದಷ್ಟು ಮುಂಚೆಯೇ ಈ ಪ್ರತಿಕಾಯಗಳು ಇದ್ದವು. ಅಷ್ಟೂ ವರ್ಷ ಒಂದು ಬೆರಳೂ ಊದಿರಲಿಲ್ಲ. ಲೂಪಸ್ ಎಂಬ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಇನ್ನೊಂದು ರೋಗದ ಪತ್ತೆಗೆಂದು ಮಾಡಿಸುವ ಎಎನ್‌ಎ ಪರೀಕ್ಷೆಯಂತೂ ಆರೋಗ್ಯವಾಗಿರುವ ನೂರು ಜನರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಕಡಿಮೆ ಪ್ರಮಾಣದಲ್ಲಿ ಪಾಸಿಟಿವ್ ಬರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಯಾವ ರೋಗವೂ ಬರುವುದಿಲ್ಲ. ಅಂದರೆ ಬೇಲಿ ಎದ್ದು ನಿಂತಿದೆ, ಆದರೆ ಮೇಯುತ್ತಿಲ್ಲ. ಮೇಯಲು ಶುರುಮಾಡಲು ಇನ್ನೇನೋ ಬೇಕು.

ಆ ‘ಇನ್ನೇನೋ’ ಏನೆಂದು ಮೊದಲು ಗಟ್ಟಿಯಾಗಿ ಕೇಳಿದವರು ಅಮೆರಿಕದ ರೋಗನಿರೋಧಕ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ. ಲಸಿಕೆಯಲ್ಲಿ ರೋಗಾಣುವಿನ ತುಣುಕನ್ನಷ್ಟೇ ಚುಚ್ಚಿದರೆ ದೇಹ ಕ್ಯಾರೇ ಎನ್ನುವುದಿಲ್ಲ, ಜೊತೆಗೆ ಅಲ್ಯುಮಿನಿಯಂ ಲವಣದಂಥ ಕೆರಳಿಸುವ ವಸ್ತು ಬೆರೆಸಿದರೆ ಮಾತ್ರ ಎಚ್ಚರಗೊಳ್ಳುತ್ತದೆ. ಇದು ತಮ್ಮ ವಿಜ್ಞಾನದ ಕೊಳಕು ಗುಟ್ಟು ಎಂದು 1989ರಲ್ಲಿ ಅವರು ಹೇಳಿದರು. ಪರಕೀಯವೆಂಬ ಒಂದೇ ಕಾರಣಕ್ಕೆ ದೇಹ ಕೆರಳುವುದಿಲ್ಲ, ಸೂಕ್ಷ್ಮಾಣುಗಳ ಗುರುತು ಕಂಡಾಗ ಕೆರಳುತ್ತದೆ ಎಂಬುದು ಅವರ ವಾದ. ಆ ಗುರುತು ಹಿಡಿಯುವ, ಕೋಶಗಳಲ್ಲಿರುವ ಗ್ರಾಹಕಗಳು (ರಿಸೆಪ್ಟರ್‌ಗಳು) ಮುಂದೆ ನಿಜವಾಗಿಯೂ ಸಿಕ್ಕವು. ಅದರ ಕೆಲಸಕ್ಕೆ 2011ರ ನೊಬೆಲ್‌ನಲ್ಲಿ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ ಪಾಲು ಬಂತು, ಜೇನ್‌ವೇ ಅಷ್ಟರಲ್ಲಿ ತೀರಿಹೋಗಿದ್ದರು.

1994ರಲ್ಲಿ ಅಮೆರಿಕದ ಪಾಲಿ ಮ್ಯಾಟ್ಜಿಂಗರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. (ಈಕೆ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿ ಆಮೇಲೆ ವಿಜ್ಞಾನಕ್ಕೆ ಬಂದವರು. ತಮ್ಮ ನಾಯಿಯ ಹೆಸರನ್ನು ಸಹಲೇಖಕಿಯಾಗಿ ಹಾಕಿ ಸಂಶೋಧನಾ ಪ್ರಬಂಧ ಪ್ರಕಟಿಸಿದ್ದೂ ಉಂಟು. ಸಂಪ್ರದಾಯಸ್ಥರು ಕೇಳದ ಪ್ರಶ್ನೆ ಇಂಥವರಿಗೇ ಹೊಳೆಯುತ್ತದೆ.) ಅವರ ಮಾತು ಸರಳ: ದೇಹ ನೋಡುವುದು ‘ನಮ್ಮದೋ ಪರರದೋ’ ಎಂದಲ್ಲ, ‘ಇಲ್ಲಿ ಹಾನಿಯಾಗಿದೆಯೋ ಇಲ್ಲವೋ’ ಎಂದು. ಊಟ ಪರಕೀಯ, ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾ ಪರಕೀಯ, ತಾಯಿಗೆ ಗರ್ಭದ ಮಗುವೂ ಅರ್ಧ ಪರಕೀಯ. ಇವುಗಳ ಮೇಲೆಲ್ಲ ದೇಹ ಮುಗಿಬೀಳುವುದಿಲ್ಲ. ಕೋಶಗಳು ಒಡೆದು ಸಾಯುತ್ತಿವೆ ಎಂಬ ಸುಳಿವು ಸಿಕ್ಕಾಗ ಮಾತ್ರ ಏಳುತ್ತದೆ. ಸುಳಿವು ಕೊಡುವವು ಸಾಯುತ್ತಿರುವ ಕೋಶಗಳೇ.

ಸುಳಿವು ಅಂದರೆ ಏನೋ ಗೂಢವಾದದ್ದಲ್ಲ. ಒಳಗಿರಬೇಕಾದ ವಸ್ತು ಹೊರಗೆ ಕಾಣಿಸಿಕೊಳ್ಳುವುದು, ಅಷ್ಟೇ. ಪ್ರತಿ ಕೋಶಕ್ಕೂ ಕೆಲಸಕ್ಕೆ ಬೇಕಾದ ಇಂಧನ ಎಟಿಪಿ, ಕೋಶದೊಳಗೆ ಅದು ಹೊರಗಿಗಿಂತ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ಕೋಶ ಒಡೆದರೆ ಹೊರಗೆ ಚೆಲ್ಲುತ್ತದೆ, ಅಕ್ಕಪಕ್ಕದ ಬಿಳಿ ರಕ್ತಕಣಗಳ ಮೇಲಿರುವ ಗ್ರಾಹಕಗಳಿಗೆ ತಗಲುತ್ತದೆ. ಎಚ್‌ಎಂಜಿಬಿ1 ಎಂಬ ಪ್ರೋಟೀನಿನದು ಇನ್ನೂ ಸ್ವಾರಸ್ಯದ ಕಥೆ. ಅದರ ಜಾಗ ಕೋಶಕೇಂದ್ರ, ಕೆಲಸ ಡಿಎನ್‌ಎಯನ್ನು ಬಾಗಿಸಿ ಹಿಡಿಯುವುದು. ಆಯುಸ್ಸು ಮುಗಿದು ಶಿಸ್ತಿನಿಂದ ಸಾಯುವ ಕೋಶ ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಸಾಯುತ್ತದೆ. ಏಟು ಬಿದ್ದು, ಸುಟ್ಟು, ಒಡೆದು ಸಾಯುವ ಕೋಶ ಹೊರಗೆ ಬಿಡುತ್ತದೆ, ಹೊರಬಂದದ್ದು ಉರಿಯೂತ ಎಬ್ಬಿಸುತ್ತದೆ. ಈ ವ್ಯತ್ಯಾಸ ಸ್ಪಷ್ಟವಾದದ್ದು 2002ರಲ್ಲಿ. ನಮ್ಮ ದೇಹದಲ್ಲಿ ದಿನವೂ ಕೋಟಿಗಟ್ಟಲೆ ಕೋಶಗಳು ಸತ್ತರೂ ಎಲ್ಲೂ ಊತ ಬರದೆ ಇರುವುದಕ್ಕೂ, ಕಾಲು ಉಳುಕಿದರೆ ಒಂದು ರೋಗಾಣುವಿನ ನೆರವೂ ಇಲ್ಲದೆ ಊದಿಕೊಳ್ಳುವುದಕ್ಕೂ ಕಾರಣ ಇಲ್ಲಿದೆ.

ಮೈಟೋಕಾಂಡ್ರಿಯಾ ಮತ್ತೊಂದು ವಿಚಿತ್ರ. ಕೋಶದ ಈ ಶಕ್ತಿಕೇಂದ್ರಗಳು ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಅವುಗಳ ಡಿಎನ್‌ಎ ಈಗಲೂ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹೋಲುತ್ತದೆ. ಅಪಘಾತದಲ್ಲಿ ಮೈ ನಜ್ಜುಗುಜ್ಜಾದವರ ರಕ್ತಕ್ಕೆ ಮೈಟೋಕಾಂಡ್ರಿಯಾದ ಚೂರುಗಳು ಸೇರುತ್ತವೆ. ಸೋಂಕು ತಗಲದಿದ್ದರೂ ಸೋಂಕು ತಗಲಿದಂತೆಯೇ ಜ್ವರ ಬಂದು, ಅಂಗಾಂಗ ಕೈಕೊಡುವುದಕ್ಕೆ ಇದೂ ಒಂದು ಕಾರಣ ಎಂದು 2010ರಲ್ಲಿ ಗೊತ್ತಾಯಿತು.

ಇಷ್ಟು ತಿಳಿದ ಮೇಲೆ ಬೆರಳಿನ ಕೀಲಿಗೆ ಬರೋಣ. ಬೆಳಗಿನ ಐದೂವರೆಗೆ ಎದ್ದ ಹೆಂಗಸು. ಹರಪನಹಳ್ಳಿ ಕಡೆಯಾದರೆ ರೊಟ್ಟಿ ತಟ್ಟಬೇಕು, ಹಿರಿಯೂರು ಕಡೆಯಾದರೆ ಮುದ್ದೆ ತಿರುವಬೇಕು. ಎರಡೂ ಕೈಯ ಬೆರಳ ಗೆಣ್ಣುಗಳು ಬಿಗಿದಿವೆ, ಮುಷ್ಟಿ ಕಟ್ಟಲು ಆಗುತ್ತಿಲ್ಲ. ಒಂದು ತಾಸಾದರೂ ಬಿಸಿನೀರಿನಲ್ಲಿ ಕೈ ಆಡಿಸಿದ ಮೇಲೆ ಸ್ವಲ್ಪ ಸಡಿಲ. ದಿನವಿಡೀ ದುಡಿದು ಸಂಜೆಗೆ ನೋವು ಬರುವ ಮೊಣಕಾಲಿನ ಸವಕಲು ರೋಗಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು: ಇಲ್ಲಿ ವಿಶ್ರಾಂತಿಯಾದ ಮೇಲೆ ಬಿಗಿ, ಕೆಲಸ ಮಾಡಿದಂತೆ ಸಡಿಲ.

ಆ ಗೆಣ್ಣಿನೊಳಗೆ ಕೀಲನ್ನು ಸುತ್ತಿದ ತೆಳುಪೊರೆಯೊಂದಿದೆ. ಪ್ರತಿಕಾಯಗಳು ಹಾಗೂ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಸೇರಿವೆ. ಅವುಗಳಲ್ಲಿ ನ್ಯೂಟ್ರೋಫಿಲ್‌ಗಳು ಸಾಯುವಾಗ ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಗೆಸೆಯುತ್ತವೆ. ಬ್ಯಾಕ್ಟೀರಿಯಾ ಹಿಡಿಯಲು ಇರುವ ಈ ಬಲೆಯನ್ನು 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ವರ್ಣಿಸಿದರು. ಹಿಡಿಯಲು ಬ್ಯಾಕ್ಟೀರಿಯಾವೇ ಇಲ್ಲದ ಕಡೆ ಬಲೆ ಬಿದ್ದರೆ ಅದೇ ಇನ್ನೊಂದು ಸುಳಿವಾಗುತ್ತದೆ. ನ್ಯೂಟ್ರೋಫಿಲ್‌ಗಳಿಂದ ಎಸ್100 ಗುಂಪಿನ ಪ್ರೋಟೀನುಗಳೂ ಬರುತ್ತವೆ. ಮೃದ್ವಸ್ಥಿ ಸವೆದು ಅದರ ಚೂರುಗಳು ಉದುರುತ್ತವೆ, ಒಡೆದ ಕೋಶಗಳಿಂದ ಎಚ್‌ಎಂಜಿಬಿ1 ಸೋರುತ್ತದೆ. ಇವನ್ನೆಲ್ಲ ಗುರುತಿಸಿದ ಕಣಗಳು ಟಿಎನ್‌ಎಫ್, ಐಎಲ್-6, ಐಎಲ್-1 ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುತ್ತವೆ. ಅವು ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಬಂದವು ಇನ್ನಷ್ಟು ಹಾನಿ ಮಾಡುತ್ತವೆ, ಹಾನಿಯಿಂದ ಇನ್ನಷ್ಟು ಸುಳಿವು. ಗಾದೆ ಹೇಳದೆ ಬಿಟ್ಟದ್ದು ಈ ಸುತ್ತು. ಒಮ್ಮೆ ತಪ್ಪು ಮಾಡಿದ್ದಕ್ಕೆ ರೋಗ ಇಪ್ಪತ್ತು ವರ್ಷ ಉಳಿಯುವುದಿಲ್ಲ, ತಪ್ಪಿನಿಂದಾದ ಗಾಯವೇ ಮುಂದಿನ ತಪ್ಪಿಗೆ ಕಾರಣ ಒದಗಿಸುತ್ತಾ ಹೋಗುವುದರಿಂದ ಉಳಿಯುತ್ತದೆ.

ಇದಕ್ಕೆ ನನಗೆ ತುಂಬ ಒಪ್ಪಿಗೆಯಾದ ಪುರಾವೆ 2009ರದು. ಟೆನಾಸಿನ್-ಸಿ ಎಂಬ ಪ್ರೋಟೀನು ಆರೋಗ್ಯವಂತ ಕೀಲಿನಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ, ಗಾಯವಾದಲ್ಲಿ ಮಾತ್ರ ಹುಟ್ಟುತ್ತದೆ. ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಇದನ್ನು ತಯಾರಿಸಲಾಗದ ಇಲಿಗಳ ಕೀಲನ್ನು ಕೆರಳಿಸಿ ನೋಡಿದರು. ಉರಿಯೂತ ಎಲ್ಲ ಇಲಿಗಳಂತೆಯೇ ಶುರುವಾಯಿತು. ಆದರೆ ಉಳಿಯಲಿಲ್ಲ, ಬೇಗನೆ ತಣ್ಣಗಾಯಿತು. ಶುರುಮಾಡುವುದು ಒಂದು, ಮುಗಿಯಲು ಬಿಡದಿರುವುದು ಇನ್ನೊಂದು ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಲೂಪಸ್‌ನಲ್ಲಿ ಇದೇ ಸುತ್ತು ಬಿಸಿಲಿನಿಂದ ತಿರುಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಚರ್ಮದ ಕೋಶಗಳು ಸಾಯುತ್ತವೆ. ಎಲ್ಲರಲ್ಲೂ ಸಾಯುತ್ತವೆ, ಬೇಗ ಗುಡಿಸಿಹೋಗುತ್ತವೆ. ಲೂಪಸ್ ಇರುವವರಲ್ಲಿ ಗುಡಿಸುವ ಕೆಲಸ ನಿಧಾನ. ಗುಡಿಸಲು ನೆರವಾಗುವ ಸಿ1ಕ್ಯೂ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರಲ್ಲಿ ಬಹುತೇಕ ಎಲ್ಲರಿಗೂ ಲೂಪಸ್‌ನಂಥ ರೋಗ ಬರುತ್ತದೆ ಎಂದರೆ ಈ ಕಸದ ಮಹತ್ವ ತಿಳಿದೀತು. ಉಳಿದುಹೋದ ಡಿಎನ್‌ಎ, ಆರ್‌ಎನ್‌ಎ ಚೂರುಗಳಿಗೆ ಪ್ರತಿಕಾಯ ಅಂಟಿಕೊಂಡು ಕೋಶದೊಳಗೆ ಹೋದಾಗ ಟಿಎಲ್‌ಆರ್7, ಟಿಎಲ್‌ಆರ್9 ಎಂಬ ಗ್ರಾಹಕಗಳು ವೈರಸ್ ಬಂತೆಂದು ತಿಳಿದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಹರಿಸುತ್ತವೆ. ಟಿಎಲ್‌ಆರ್7ರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ ಆಗಿರುವುದಕ್ಕೆ ಇದೂ ಒಂದು ಕಾರಣವೆಂದು ಈಗ ನಂಬಲಾಗಿದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಕೀಳುವ ಹೆಣ್ಣುಮಗಳಿಗೆ ‘ಬಿಸಿಲಿಗೆ ಹೋಗಬೇಡಮ್ಮ’ ಎಂದು ಬರೆದುಕೊಡುವುದು ಸುಲಭ, ಪಾಲಿಸುವುದು ಹೇಗೆ? ತುಂಬುತೋಳಿನ ಅಂಗಿ, ಮುಖಕ್ಕೆ ನೆರಳಾಗುವಂತೆ ಸೆರಗು, ಹೊಲದ ಕೆಲಸ ಬೆಳಗ್ಗೆ ಎಂಟರೊಳಗೆ, ಸಂಜೆ ನಾಲ್ಕರ ಮೇಲೆ. ಇಷ್ಟಾದರೂ ಬಿಡಿಸಿ ಹೇಳಬೇಕು.

ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ಕಡಿಮೆ ಮಾತಾಡಿರುವ ವಿಷಯ ಕಲ್ಲಿನ ದೂಳು. ಚಿತ್ರದುರ್ಗದ ಕೋಟೆ ನಿಂತಿರುವ ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ, ಧಾರಾಳ. ಸುತ್ತಲಿನ ಕ್ವಾರಿಗಳಲ್ಲಿ ಅದೇ ಜಾತಿಯ ಕಲ್ಲು ಒಡೆದು, ಕ್ರಷರ್‌ಗಳಲ್ಲಿ ಜಲ್ಲಿ ಮಾಡಿ, ಹೆದ್ದಾರಿಗೂ ಕಟ್ಟಡಗಳಿಗೂ ಸಾಗಿಸುತ್ತಾರೆ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ, ಕಾಣದ ನುಣ್ಣನೆಯದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಕಸ ನುಂಗುವ ಕೋಶವೊಂದು ಸಿಲಿಕಾ ಹರಳನ್ನು ನುಂಗುತ್ತದೆ. ಜೀರ್ಣಿಸಲು ಆಗುವುದಿಲ್ಲ. ಹರಳು ಕೋಶದೊಳಗಿನ ಜೀರ್ಣಚೀಲವನ್ನೇ ಹರಿದುಹಾಕುತ್ತದೆ. ಎನ್‌ಎಲ್‌ಆರ್‌ಪಿ3 ಎಂಬ ಎಚ್ಚರಿಕೆಯ ಯಂತ್ರ ಎದ್ದು ಐಎಲ್-1 ಹರಿಯುತ್ತದೆ, ಕೋಶ ಒಡೆದು ಸಾಯುತ್ತದೆ, ಹರಳು ಹಾಗೇ ಹೊರಬಂದು ಮುಂದಿನ ಕೋಶದ ಹೊಟ್ಟೆ ಸೇರುತ್ತದೆ. ಈ ದೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಬಗ್ಗೆ ಕಾನೂನಿದೆ, ಪರಿಹಾರದ ಮಾತಿದೆ. ಆದರೆ ಇದೇ ದೂಳು ಸಂಧಿವಾತ, ಲೂಪಸ್, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ ಎಂಬುದು ಕ್ವಾರಿ ಕೆಲಸಗಾರರಿಗಿರಲಿ, ಅವರನ್ನು ನೋಡುವ ಎಷ್ಟೋ ಡಾಕ್ಟರುಗಳಿಗೂ ನೆನಪಾಗುವುದಿಲ್ಲ. ಹೊಸ ಸಂಗತಿಯೇನೂ ಅಲ್ಲ. ವೇಲ್ಸ್‌ನ ಕಲ್ಲಿದ್ದಲು ಗಣಿಯವರಲ್ಲಿ ಸಂಧಿವಾತದ ಜೊತೆ ಶ್ವಾಸಕೋಶದ ಗಂಟುಗಳನ್ನು ಕಂಡು ಕ್ಯಾಪ್ಲನ್ ಎಂಬ ವೈದ್ಯರು ಬರೆದದ್ದು 1953ರಲ್ಲಿ. ಬಾಯಿಗೆ ಟವೆಲ್ ಸುತ್ತಿಕೊಂಡರೆ ಈ ದೂಳು ನಿಲ್ಲುವುದಿಲ್ಲ. ನೀರು ಚಿಮುಕಿಸುತ್ತಾ ಕಲ್ಲು ಕೊರೆಯುವುದು, ಒಡೆಯುವುದು, ಮುಖಕ್ಕೆ ಕೂರುವ ಸರಿಯಾದ ಮಾಸ್ಕ್ ಕೊಡುವುದು ಮಾಲೀಕರ ಜವಾಬ್ದಾರಿ. ಗಂಡಸರ ಕೀಲುನೋವಿನ ಕೇಸ್ ಶೀಟಿನಲ್ಲಿ ‘ಉದ್ಯೋಗ: ಕೂಲಿ’ ಎಂದು ಬರೆದು ಮುಗಿಸುವ ಬದಲು ಯಾವ ಕೂಲಿ ಎಂದು ಕೇಳಿದರೆ ಒಂದು ನಿಮಿಷವೂ ಹಿಡಿಯದು.

ಬೀಡಿಯದೂ ಇದೇ ದಾರಿ. ಹೊಗೆಯಿಂದ ಗಾಯಗೊಂಡ ಶ್ವಾಸಕೋಶದಲ್ಲಿ ಪ್ರೋಟೀನುಗಳ ರೂಪ ಬದಲಾಗುತ್ತದೆ, ಬದಲಾದ ಆ ರೂಪದ ವಿರುದ್ಧ ಹುಟ್ಟುವುದೇ ಆಂಟಿ ಸಿಸಿಪಿ ಪ್ರತಿಕಾಯ. ಬೆರಳಿನ ರೋಗ ಎಷ್ಟೋ ಸಲ ಶ್ವಾಸಕೋಶದಲ್ಲಿ ಮೊಳೆಯುತ್ತದೆ ಎಂದು ತಜ್ಞರು ಹೇಳುವುದು ಇದಕ್ಕೆ. ವಸಡಿನ ಹಳೆಯ ಸೋಂಕಿನ ಮೇಲೂ ಇದೇ ಅನುಮಾನವಿದೆ.

ಚಿಕುನ್‌ಗುನ್ಯಾ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕಡೆ ಯಾವ ಕೀಲುನೋವಿಗೂ ಮೊದಲು ಸಿಗುವ ವಿವರಣೆ ಅದು. 2006ರಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದವು, ಆ ವರ್ಷ ಬಗ್ಗಿ ನಡೆಯುತ್ತಿದ್ದವರನ್ನು ಮಧ್ಯ ಕರ್ನಾಟಕದವರು ಮರೆತಿಲ್ಲ. ವೈರಸ್ ಕೀಲಿನ ಪೊರೆಯ ಕೋಶಗಳನ್ನು ಹಾಳುಮಾಡುತ್ತದೆ, ಜ್ವರ ಇಳಿದ ಮೇಲೂ ಕೆಲವರಲ್ಲಿ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಬಹುಪಾಲು ಜನರಲ್ಲಿ ಸುತ್ತು ತಾನಾಗಿ ನಿಲ್ಲುತ್ತದೆ. ಆರು ವಾರ ಕಳೆದರೂ ಬೆರಳಿನ, ಮಣಿಕಟ್ಟಿನ ಊತ ಇಳಿಯದಿದ್ದರೆ ‘ಅದೇ ಚಿಕುನ್‌ಗುನ್ಯಾ, ಹೋಗುತ್ತೆ ಬಿಡು’ ಎಂದು ಕೂರುವಂತಿಲ್ಲ.

ಈಗ ಔಷಧಿಯ ವಿಷಯ. ನೋವಿನ ಗುಳಿಗೆ ತಡೆಯುವುದು ಪ್ರೋಸ್ಟಗ್ಲಾಂಡಿನ್ ಎಂಬ, ಸುತ್ತಿನ ಕೊನೆಯಲ್ಲಿ ಬರುವ ನೋವಿನ ರಾಸಾಯನಿಕವನ್ನು. ಹಾನಿಯೂ ಅದರ ಸುಳಿವೂ ಮೊದಲಿನಂತೆಯೇ ಮುಂದುವರಿಯುತ್ತವೆ, ನೋವು ಮಾತ್ರ ಗೊತ್ತಾಗುವುದಿಲ್ಲ. ಸ್ಟಿರಾಯ್ಡ್ ಸುತ್ತನ್ನು ನಿಜವಾಗಿಯೂ ತಗ್ಗಿಸುತ್ತದೆ. ಡಾಕ್ಟರು ಅಳೆದು, ಸ್ವಲ್ಪ ಕಾಲಕ್ಕೆ ಕೊಟ್ಟರೆ ಒಳ್ಳೆಯ ಔಷಧಿ. ಅಂಗಡಿಯಿಂದ ವರ್ಷಗಟ್ಟಲೆ ನುಂಗಿದರೆ ಮೂಳೆ ಟೊಳ್ಳು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ. ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಹೆಸರಿಲ್ಲದ ಪೊಟ್ಟಣದ ‘ವಾತದ ಪುಡಿ’ಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎರಡೇ ದಿನದಲ್ಲಿ ಪವಾಡ ಮಾಡುವ ಪುಡಿಯನ್ನು ಅನುಮಾನಿಸಲೇಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ಇನ್ನೊಂದು ನಮೂನೆ. ಮಲೇರಿಯಾಕ್ಕೆಂದು ಬಂದ ಈ ಗುಳಿಗೆ ಲೂಪಸ್‌ಗೂ ಒಗ್ಗುತ್ತದೆ ಎಂದು 1950ರ ದಶಕದಿಂದ ಗೊತ್ತಿತ್ತು, ಏಕೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ವೈರಸ್ ಎಂದು ತಿಳಿಯುವ ಟಿಎಲ್‌ಆರ್7, 9 ಗ್ರಾಹಕಗಳನ್ನೇ ಅದು ಮಂಕಾಗಿಸುತ್ತದೆ. ಅಂದರೆ ಅಪಾಯದ ಸುಳಿವನ್ನು ತಡೆಯುವ ಔಷಧಿಯನ್ನು, ಆ ಸಿದ್ಧಾಂತ ಹುಟ್ಟುವ ಮೊದಲೇ ನಾವು ನುಂಗುತ್ತಿದ್ದೆವು. 2020ರಲ್ಲಿ ಕೋವಿಡ್‌ಗೆ ಒಳ್ಳೆಯದೆಂದು ಜನ ಅದನ್ನು ಮನೆಮನೆಗೆ ಪೇರಿಸಿಟ್ಟಾಗ ಲೂಪಸ್ ರೋಗಿಗಳು ಗುಳಿಗೆಗೆ ಅಲೆದದ್ದನ್ನು ಇಲ್ಲಿ ನೆನೆಯಬೇಕು. ಕೋವಿಡ್‌ಗೆ ಅದು ಕೆಲಸ ಮಾಡಲೇ ಇಲ್ಲ.

ಹಾಗೆಂದು ಸುಳಿವುಗಳ ಸಿದ್ಧಾಂತ ಎಲ್ಲ ಬಾಗಿಲನ್ನೂ ತೆರೆದಿಲ್ಲ. ಎಟಿಪಿಯನ್ನು ಗುರುತಿಸುವ ಗ್ರಾಹಕಕ್ಕೆ ಅಡ್ಡಗಟ್ಟುವ ಔಷಧಿಗಳನ್ನು ಸಂಧಿವಾತದಲ್ಲಿ ಪರೀಕ್ಷಿಸಿದರು, ಪ್ರಯೋಜನವಾಗಲಿಲ್ಲ. ಐಎಲ್-1 ತಡೆಯುವ ಮದ್ದು ಯೂರಿಕ್ ಆಮ್ಲದ ಹರಳಿನಿಂದ ಕೆರಳುವ ಗೌಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಸಂಧಿವಾತದಲ್ಲಿ ಅಷ್ಟಕ್ಕಷ್ಟೆ. ಗೌಟ್‌ನಲ್ಲಿ ಸುಳಿವು ಒಂದೇ, ದಾರಿಯೂ ಹೆಚ್ಚುಕಡಿಮೆ ಒಂದೇ. ಸಂಧಿವಾತದಲ್ಲಿ ಹತ್ತಾರು ಸುಳಿವುಗಳಿವೆ, ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಎಲ್ಲ ದಾರಿಗಳೂ ಬಂದು ಕೂಡುವ ಟಿಎನ್‌ಎಫ್, ಐಎಲ್-6ನಂಥ ಕಡೆ ತಡೆದ ಔಷಧಿಗಳು ಗೆದ್ದದ್ದು ಇದಕ್ಕೇ. ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್‌ನ ಅಗ್ಗದ ರೂಪವನ್ನು ಜಗತ್ತಿನಲ್ಲೇ ಮೊದಲು, 2014ರಲ್ಲಿ ಮಾರುಕಟ್ಟೆಗೆ ತಂದದ್ದು ಭಾರತದ ಝೈಡಸ್ ಕಂಪನಿ. ಆದರೆ ಶ್ವಾಸಕೋಶದಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಕಟ್ಟಿಹಾಕಿರುವುದೂ ಟಿಎನ್‌ಎಫ್ ಆದ್ದರಿಂದ ಟಿಬಿ ಪರೀಕ್ಷೆಯಿಲ್ಲದೆ ಆ ಇಂಜೆಕ್ಷನ್ ಹಾಕಿಸಿಕೊಳ್ಳಬಾರದು. ‘ಇಮ್ಯೂನಿಟಿ’ ಎಂಬುದು ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎನ್ನುವ ಡಬ್ಬಿಗಳ ಲೆಕ್ಕ ಎಷ್ಟು ಒರಟು ಎಂದು ಇಲ್ಲೇ ಕಾಣುತ್ತದೆ.

ಗಾದೆಯ ಪರವಾಗಿಯೂ ಹೇಳಬೇಕಾದ್ದಿದೆ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಅವರಿಗೆ, ನಮ್ಮದೇ ಅಂಗಾಂಶದ ಮೇಲೆ ಬೀಳುವ ಕಣಗಳನ್ನು ಹದ್ದುಬಸ್ತಿನಲ್ಲಿಡುವ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳ ಕೆಲಸಕ್ಕೆ. ಬೇಲಿ ಏಳದಂತೆ ನೋಡಿಕೊಳ್ಳುವುದು ಈ ಕೋಶಗಳೇ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಬೇರೆ ಯಾವುದಕ್ಕೂ ಬಗ್ಗದ ಲೂಪಸ್ ಇದ್ದ ಐವರಿಗೆ, ಪ್ರತಿಕಾಯ ತಯಾರಿಸುವ ಬಿ-ಕೋಶಗಳನ್ನು ಅಳಿಸಿಹಾಕುವ ಕಾರ್-ಟಿ ಚಿಕಿತ್ಸೆ (ರೋಗಿಯದೇ ಟಿ-ಕೋಶಗಳನ್ನು ಮಾರ್ಪಡಿಸಿ ಮತ್ತೆ ಒಳಗೆ ಬಿಡುವುದು) ಕೊಟ್ಟು ರೋಗ ಶಮನವಾದದ್ದನ್ನು 2022ರಲ್ಲಿ ವರದಿ ಮಾಡಿದರು. ಅವರೆಲ್ಲ ಬಿಸಿಲು ಕಾಣುವವರೇ, ಅವರ ಕೋಶಗಳೂ ದಿನಾ ಸಾಯುತ್ತವೆ. ತಪ್ಪು ಗುರುತು ಹಿಡಿಯುವ ಕಣಗಳು ಇಲ್ಲದಿದ್ದರೆ ಬರೀ ಸುಳಿವು ರೋಗ ಮಾಡಲಾರದು. ಸುಳಿವಿಲ್ಲದಿದ್ದರೆ ಬರೀ ತಪ್ಪು ಗುರುತು ವರ್ಷಗಟ್ಟಲೆ ರಕ್ತದಲ್ಲಿ ಸುಮ್ಮನಿರಬಲ್ಲದು. ಎರಡೂ ಕೂಡಿದಾಗಲೇ ಕೀಲು ಊದುತ್ತದೆ.

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಬೆರಳು ಬಿಗಿದು ಕೂತವರಿಗೆ ಈ ವಿಜ್ಞಾನದಿಂದ ಬರುವ ಲಾಭ ಮುಖ್ಯವಾಗಿ ಸಮಯದ್ದು. ಸುತ್ತು ಬಲಿಯುವ ಮೊದಲು, ಊತ ಶುರುವಾದ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಎಲುಬು ಸವೆಯದೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆ ಚಿಕಿತ್ಸೆ ಶುರುವಾಗುವುದು ದುಬಾರಿ ಇಂಜೆಕ್ಷನ್‌ನಿಂದ ಅಲ್ಲ, ಮೆಥೋಟ್ರೆಕ್ಸೇಟ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹಳೆಯ, ಅಗ್ಗದ ಗುಳಿಗೆಗಳಿಂದ. ಇವು ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು, ಎರಡು ವಾರಕ್ಕೆ ಗುಣ ಕಾಣಲಿಲ್ಲವೆಂದು ಬಿಡಬಾರದು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಉಳಿದ ಗುಳಿಗೆಗಳಂತೆ ದಿನಾ ನುಂಗಿ ರಕ್ತಕಣ ಕುಸಿದು ಪ್ರಾಣಕ್ಕೆ ಬಂದ ಪ್ರಕರಣಗಳಿವೆ, ಹಾಗಾಗಿ ವಾರದ ಆ ದಿನದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಬಸುರಿಯಾಗುವ ಯೋಚನೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಗರ್ಭದಲ್ಲಿ ಮೆಥೋಟ್ರೆಕ್ಸೇಟ್ ಸಲ್ಲದು, ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಸಬಹುದು. ಅದನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ರೆಟಿನಾ ಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಿರಬೇಕು.